ತಿರುಗುವ ಭಾಗಕ್ಕೂ ನಿಂತ ಭಾಗಕ್ಕೂ ನಡುವಿನ ಹೊಲಿಗೆ: ಒಂದು ಪಂಪ್ ಮೆಶ್‌ನ ಹನ್ನೊಂದು ದಿನ

ಒಂದು ಸಣ್ಣ ಸೆಂಟ್ರಿಫ್ಯೂಗಲ್ ಪಂಪ್‌ನ ಒಳಗೆ ನೀರು ಹೇಗೆ ಹರಿಯುತ್ತದೆ ಅಂತ ಸಿಮ್ಯುಲೇಟ್ ಮಾಡಬೇಕಿತ್ತು. ಅದಕ್ಕೆ ಮೊದಲು ನೀರಿರುವ ಜಾಗವನ್ನು ಸಣ್ಣ ಸಣ್ಣ ತುಂಡುಗಳಾಗಿ (ಸೆಲ್) ಒಡೆಯಬೇಕು, ಆ ಜಾಲವೇ ಮೆಶ್. ಮೆಶ್‌ಗೆ ಎರಡು ದಿನ ಸಾಕು ಅಂದುಕೊಂಡಿದ್ದೆ. ಒಟ್ಟು ಹನ್ನೊಂದು ದಿನ ಹಿಡಿಯಿತು. ಹರಿವಿನ ಲೆಕ್ಕ ಹಾಕುವ ಪ್ರೋಗ್ರಾಂ, ಅಂದರೆ ಸಾಲ್ವರ್, ಓಡಿದ ಹೊತ್ತು ಬಿಟ್ಟರೆ ಉಳಿದದ್ದೆಲ್ಲ ಹೋಗಿದ್ದು ಒಂದೇ ಜಾಗಕ್ಕೆ. ಒಂದು ಡೊಮೈನ್ (ಪಂಪ್‌ನ ಒಂದು ಭಾಗದ ಜಾಗ) ಮುಗಿದು ಇನ್ನೊಂದು ಶುರುವಾಗುವ ಗಡಿಗೆ. ದಿನಾ ಬರೆದಿಟ್ಟ ಟಿಪ್ಪಣಿಗಳನ್ನೇ ಇಲ್ಲಿ ಜೋಡಿಸಿದ್ದೇನೆ. ತಪ್ಪುಗಳನ್ನು ತೆಗೆದಿಲ್ಲ.

ಅಳತೆಗಳು ಹೀಗಿವೆ. ನೀರನ್ನು ತಳ್ಳುವ ತಿರುಗುವ ಚಕ್ರ, ಅಂದರೆ ಇಂಪೆಲ್ಲರ್‌ನ ವ್ಯಾಸ 120 ಮಿ.ಮೀ., 6 ಬ್ಲೇಡ್, ಹೊರ ಅಂಚಿನಲ್ಲಿ ಅಗಲ 14 ಮಿ.ಮೀ. ವೇಗ 1500 ಆರ್‌ಪಿಎಂ. ನೀರು ಒಳಬರುವ ಸಕ್ಷನ್ ಪೈಪ್, ಹೊರಹೋಗುವ ಡೆಲಿವರಿ ಪೈಪ್ ಎರಡರದ್ದೂ ಒಳವ್ಯಾಸ 50 ಮಿ.ಮೀ. ಇಂಪೆಲ್ಲರ್ ಸುತ್ತಲಿನ ಸುರುಳಿ ಕವಚ, ಅಂದರೆ ವೊಲ್ಯೂಟ್‌ನ ಅಗಲ 18 ಮಿ.ಮೀ., ಅದರ ನಾಲಿಗೆಯ (ಸುರುಳಿ ಶುರುವಾಗುವ ಚೂಪು ಅಂಚು) ತುದಿ ಅಕ್ಷದಿಂದ 66 ಮಿ.ಮೀ. ದೂರ. ಹರಿವು ಸೆಕೆಂಡಿಗೆ 4 ಲೀಟರ್ ನೀರು. ಇಂಪೆಲ್ಲರ್‌ನ ಎರಡು ಪಕ್ಕದಲ್ಲಿ ಕೇಸಿಂಗ್ ಜೊತೆಗಿರುವ ಸಂದುಗಳನ್ನು ಬಿಟ್ಟುಬಿಟ್ಟೆ. ಹಾಗಾಗಿ ಡೊಮೈನ್ ನಾಲ್ಕು: ಸಕ್ಷನ್ ಪೈಪ್, ಇಂಪೆಲ್ಲರ್, ವೊಲ್ಯೂಟ್, ಡೆಲಿವರಿ ಪೈಪ್. ಗಡಿ ಮೂರು.

ಜಾಮೆಟ್ರಿ ಮತ್ತು ಮೆಶ್ ಸಲೋಮೆಯಲ್ಲಿ, ಸಾಲ್ವ್ ಓಪನ್‌ಫೋಮ್‌ನಲ್ಲಿ, ನೋಡಲು ಪ್ಯಾರಾವ್ಯೂ. 8 ಕೋರ್, 32 ಜಿಬಿ ಮೆಮೊರಿ ಇರುವ ಒಂದು ಕಂಪ್ಯೂಟರ್. ಸಾಫ್ಟ್‌ವೇರ್ ಎಲ್ಲ ಉಚಿತವೇ. ಖರ್ಚಾಗಿದ್ದು ಹೊತ್ತು ಮಾತ್ರ.

ಹೊಸಬರಿಗೆ ಎರಡೇ ಮಾತು. ಕನ್ಫಾರ್ಮಲ್ ಮೆಶ್‌ನಲ್ಲಿ ಗಡಿಯ ಎರಡೂ ಕಡೆಯ ಸೆಲ್‌ಗಳು ಒಂದೇ ಫೇಸನ್ನು (ಸೆಲ್‌ನ ಮುಖ), ಅದೇ ನೋಡ್‌ಗಳನ್ನು (ಮೂಲೆಯ ಬಿಂದು) ಹಂಚಿಕೊಂಡಿರುತ್ತವೆ. ನಾನ್-ಕನ್ಫಾರ್ಮಲ್‌ನಲ್ಲಿ ಎರಡು ಕಡೆಗೂ ಬೇರೆ ಬೇರೆ ಫೇಸ್‌ಗಳು ಎದುರುಬದುರು ಕೂತಿರುತ್ತವೆ. ಯಾವುದರ ಮೇಲೆ ಯಾವುದು ಎಷ್ಟು ಕವಿದಿದೆ ಅಂತ ಲೆಕ್ಕ ಹಾಕಿ ಸಾಲ್ವರ್ ಹರಿವನ್ನು ದಾಟಿಸುತ್ತದೆ. ಒಂದೇ ಮಗ್ಗದಲ್ಲಿ ನೇಯ್ದ ಬಟ್ಟೆಗೂ ಎರಡು ತುಂಡು ಸೇರಿಸಿ ಹೊಲಿದ ಬಟ್ಟೆಗೂ ಇರುವ ವ್ಯತ್ಯಾಸ ಅಷ್ಟೇ.

ದಿನ 1: ಎಲ್ಲವನ್ನೂ ಒಂದೇ ಮೆಶ್ ಮಾಡಲು ಹೋಗಿದ್ದು

ನಾಲ್ಕೂ ಡೊಮೈನ್‌ಗಳನ್ನು ಸಲೋಮೆಯ ಪಾರ್ಟಿಶನ್‌ಗೆ ಹಾಕಿದೆ. ಪಾರ್ಟಿಶನ್ ಮಾಡಿದರೆ ಅಕ್ಕಪಕ್ಕದ ಎರಡು ಸಾಲಿಡ್‌ಗಳ ನಡುವೆ ಫೇಸ್ ಒಂದೇ ಆಗುತ್ತದೆ, ಮೆಶ್ ತಾನಾಗಿ ಕನ್ಫಾರ್ಮಲ್ ಆಗಿ ಬರುತ್ತದೆ. ಇಂಪೆಲ್ಲರ್ ಮತ್ತು ವೊಲ್ಯೂಟ್ ನಡುವಿನ ಗಡಿಯನ್ನು 61 ಮಿ.ಮೀ. ತ್ರಿಜ್ಯದ ಸಿಲಿಂಡರ್ ಮಾಡಿಕೊಂಡೆ. ಬ್ಲೇಡ್ ತುದಿ 60ರಲ್ಲಿ ಇದೆ, ಒಂದು ಮಿ.ಮೀ. ಆಚೆ ಇಟ್ಟರೆ ಸಾಕು ಅನ್ನಿಸಿತ್ತು. ಇದು ಆಮೇಲೆ ಕಾಡಿತು.

ನೆಟ್‌ಜೆನ್ ಅನ್ನುವ ಮೆಶರ್‌ನಲ್ಲಿ ಟೆಟ್ರಾ (ನಾಲ್ಕು ಮುಖದ) ಸೆಲ್, ಗೋಡೆಗಳಿಗೆ ಅಂಟಿದ ಹಾಗೆ 8 ತೆಳು ಪದರದ ವಿಸ್ಕಸ್ ಲೇಯರ್. ಮೊದಲ ಪದರ 0.05 ಮಿ.ಮೀ., ಆಮೇಲಿನ ಪ್ರತಿ ಪದರ ಹಿಂದಿನದರ 1.2 ಪಟ್ಟು. ಸಲೋಮೆ ಮೊದಲ ಪದರ ಕೇಳುವುದಿಲ್ಲ, ಒಟ್ಟು ದಪ್ಪ ಕೇಳುತ್ತದೆ. ಲೆಕ್ಕ ಹಾಕಿದರೆ 0.82 ಮಿ.ಮೀ. ಬರುತ್ತದೆ.

18 ಲಕ್ಷ ಸೆಲ್ ಆಗಬಹುದು ಅಂತ ಅಂದಾಜಿತ್ತು. ಬಂದದ್ದು 61 ಲಕ್ಷ.

ಎಲ್ಲಿ ಹೆಚ್ಚಾಯಿತು ಅಂತ ಹುಡುಕಲು ಸೆಲ್‌ಗಳನ್ನು ವಾಲ್ಯೂಮ್ ಪ್ರಕಾರ ಬಣ್ಣ ಹಾಕಿ ನೋಡಿದೆ. ಇಂಪೆಲ್ಲರ್ ಹತ್ತಿರ ಏನೂ ಇಲ್ಲ. ವೊಲ್ಯೂಟ್ ಮುಗಿದು ಡೆಲಿವರಿ ಪೈಪ್ ಶುರುವಾಗುವ ಕಡೆ ಒಂದು ಉಂಗುರ ಗಾಢ ನೀಲಿ. ಝೂಮ್ ಮಾಡುತ್ತಾ ಹೋದೆ. ಉಂಗುರ ಅಂದರೆ ಎರಡು ವೃತ್ತಗಳ ನಡುವಿನ ಒಂದು ಪಟ್ಟಿ, ಅಗಲ ಕೂದಲೆಳೆಗಿಂತ ಕಡಿಮೆ. ವೊಲ್ಯೂಟ್‌ನ ಬಾಯಿ 49.96 ಮಿ.ಮೀ. ಇತ್ತು, ಪೈಪ್‌ನ ಬಾಯಿ 50. ಎರಡನ್ನೂ ಬೇರೆ ಬೇರೆ ಸ್ಕೆಚ್‌ನಿಂದ ಮಾಡಿದ್ದೆ. ಪಾರ್ಟಿಶನ್ ಆ ವ್ಯತ್ಯಾಸವನ್ನು ಹಾಗೇ ಉಳಿಸಿ, 0.02 ಮಿ.ಮೀ. ಅಗಲದ ಒಂದು ಫೇಸ್ ಮಾಡಿಕೊಟ್ಟಿತ್ತು. ಕನಿಷ್ಠ ಸೈಜ್ 0.01 ಅಂತ ಕೊಟ್ಟವನು ನಾನೇ. ಮೆಶರ್ ನಿಯತ್ತಾಗಿ 157 ಮಿ.ಮೀ. ಸುತ್ತಳತೆಯ ಆ ಪಟ್ಟಿಯನ್ನು ಸಾವಿರಾರು ಪುಟಾಣಿ ತ್ರಿಕೋನಗಳಿಂದ ತುಂಬಿತ್ತು. ಅವುಗಳಿಂದ ಒಳಗೆ ಮತ್ತೆ ಲಕ್ಷಾಂತರ ಟೆಟ್ರಾ.

ಮೆಶ್ ಸರಿಯಿಲ್ಲ ಅಂದಾಗ ಮೆಶ್ ಸೆಟ್ಟಿಂಗ್ ಬದಲಿಸುತ್ತಾ ಕೂರುವ ಅಭ್ಯಾಸ ನನಗಿದೆ. ಅಂದು ಮೂರು ಗಂಟೆ ಹಾಗೇ ಹೋಯಿತು. ತಪ್ಪು ಇದ್ದದ್ದು ಜಾಮೆಟ್ರಿಯಲ್ಲಿ.

ದಿನ 2: ಪಟ್ಟಿ ತೆಗೆದದ್ದು

ಡೆಲಿವರಿ ಪೈಪ್ ಅಳಿಸಿದೆ. ವೊಲ್ಯೂಟ್‌ನ ಬಾಯಿಯ ಫೇಸನ್ನೇ ಹಿಡಿದು ಎಕ್ಸ್‌ಟ್ರೂಡ್ ಮಾಡಿ ಹೊಸ ಪೈಪ್ ಮಾಡಿದೆ. ಈಗ ಎರಡಕ್ಕೂ ಅಂಚು ಒಂದೇ, ವ್ಯತ್ಯಾಸ ಬರಲು ಜಾಗವೇ ಇಲ್ಲ. ಸಕ್ಷನ್ ಕಡೆಗೂ ಇದನ್ನೇ ಮಾಡಿದೆ. ಅಲ್ಲಿ ತೊಂದರೆ ಕಂಡಿರಲಿಲ್ಲ, ಆದರೂ ಮಾಡಿದೆ. ಕನಿಷ್ಠ ಸೈಜನ್ನು 0.3ಕ್ಕೆ ಏರಿಸಿದೆ.

ಸೆಲ್ ಸಂಖ್ಯೆ 24 ಲಕ್ಷಕ್ಕೆ ಇಳಿಯಿತು. ಅಂದಾಜಿಗಿಂತ ಇನ್ನೂ ಜಾಸ್ತಿ. ಕಾರಣ ಸರಳ. ಗಡಿಯಲ್ಲಿ ಫೇಸ್ ಒಂದೇ ಆದ್ದರಿಂದ ಇಂಪೆಲ್ಲರ್‌ನ ಸಣ್ಣ ಸೈಜ್ ಪೈಪ್ ಒಳಗೂ ವೊಲ್ಯೂಟ್ ಒಳಗೂ ಹರಡುತ್ತದೆ. ಕನ್ಫಾರ್ಮಲ್ ಬೇಕು ಅಂದರೆ ಇಷ್ಟನ್ನು ಕೊಡಲೇಬೇಕು. ಮೆಶ್ ಪರೀಕ್ಷಿಸುವ ಓಪನ್‌ಫೋಮ್‌ನ ಚೆಕ್‌ಮೆಶ್ ಓಡಿಸಿದೆ. ರೀಜನ್ (ಬಿಡಿ ತುಂಡು) ಸಂಖ್ಯೆ 1 ಅಂತ ಬಂತು. ನಾಲ್ಕು ಡೊಮೈನ್ ಸೇರಿ ಒಂದೇ ತುಂಡು ಆಗಿದೆ ಅನ್ನಲು ಅದಕ್ಕಿಂತ ಒಳ್ಳೆ ಸಾಕ್ಷಿ ಇಲ್ಲ.

ದಿನ 3: ಎಂಆರ್‌ಎಫ್, ಮತ್ತು ಅದು ಸಾಲದೆ ಹೋದದ್ದು

ಎಂಆರ್‌ಎಫ್ (ಮಲ್ಟಿಪಲ್ ರೆಫರೆನ್ಸ್ ಫ್ರೇಮ್) ವಿಧಾನದಲ್ಲಿ ಮೆಶ್ ನಿಜವಾಗಿ ತಿರುಗುವುದಿಲ್ಲ. ಇಂಪೆಲ್ಲರ್ ಡೊಮೈನ್‌ನ ಸೆಲ್‌ಗಳಿಗೆ ಮಾತ್ರ ತಿರುಗುವ ಚೌಕಟ್ಟಿನ ಲೆಕ್ಕ ಸೇರುತ್ತದೆ. ಹಾಗಾಗಿ ಕನ್ಫಾರ್ಮಲ್ ಮೆಶ್ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ಕೋನೀಯ ವೇಗ ಸೆಕೆಂಡಿಗೆ 157.08 ರೇಡಿಯನ್, ಟರ್ಬುಲೆನ್ಸ್‌ಗೆ (ಪ್ರಕ್ಷುಬ್ಧ ಹರಿವಿಗೆ) ಕೆ-ಒಮೆಗಾ ಎಸ್‌ಎಸ್‌ಟಿ ಮಾದರಿ, 2000 ಇಟರೇಶನ್, ನಾಲ್ಕೂವರೆ ಗಂಟೆ. ಹೆಡ್, ಅಂದರೆ ಪಂಪ್ ನೀರನ್ನು ಎತ್ತಬಲ್ಲ ಎತ್ತರ, 4.63 ಮೀಟರ್ ಬಂತು.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಬ್ಲೇಡ್‌ಗಳನ್ನು 30 ಡಿಗ್ರಿ ತಿರುಗಿಸಿ ಇನ್ನೊಮ್ಮೆ ನೋಡೋಣ ಅನ್ನಿಸಿತು. 6 ಬ್ಲೇಡ್ ಅಂದರೆ ಬ್ಲೇಡಿನಿಂದ ಬ್ಲೇಡಿಗೆ 60 ಡಿಗ್ರಿ. ಅದರ ಅರ್ಧ ತಿರುಗಿಸಿದರೆ ನಾಲಿಗೆಯ ಎದುರು ಬ್ಲೇಡ್ ಬದಲು ಖಾಲಿ ದಾರಿ ಬರುತ್ತದೆ. ಮತ್ತೆ ಮೆಶ್, ಮತ್ತೆ ನಾಲ್ಕೂವರೆ ಗಂಟೆ. ಈ ಸಲ 4.41 ಮೀಟರ್. ಅದೇ ಪಂಪ್, ಅದೇ ಹರಿವು, ಬ್ಲೇಡ್ ನಿಂತ ಜಾಗ ಮಾತ್ರ ಬೇರೆ. ನಿಜವಾದ ಪಂಪ್‌ನಲ್ಲಿ ಬ್ಲೇಡ್ ನಿಲ್ಲುವುದಿಲ್ಲ ಅಲ್ವಾ? ಸ್ಲೈಡಿಂಗ್ ಮೆಶ್ ಮಾಡಲೇಬೇಕಾಯಿತು. ಸ್ಲೈಡಿಂಗ್ ಅಂದರೆ ಒಂದು ಕಡೆಯ ನೋಡ್‌ಗಳು ಇನ್ನೊಂದು ಕಡೆಯ ನೋಡ್‌ಗಳನ್ನು ದಾಟಿ ಜಾರುತ್ತವೆ. ಹಂಚಿಕೊಂಡ ಫೇಸ್ ಇಟ್ಟುಕೊಂಡು ಜಾರಲು ಆಗುವುದಿಲ್ಲ.

ದಿನ 4: ಬಿಚ್ಚಿದ್ದು

ಎಲ್ಲವನ್ನೂ ಬಿಚ್ಚಲಿಲ್ಲ. ವೊಲ್ಯೂಟ್ ಮತ್ತು ಡೆಲಿವರಿ ಪೈಪ್ ಎರಡೂ ನಿಂತ ಭಾಗಗಳು. ಅವುಗಳ ನಡುವೆ ಕನ್ಫಾರ್ಮಲ್ ಹಾಗೇ ಇರಲಿ ಅಂತ ಬಿಟ್ಟೆ. ಇಡೀ ಕೆಲಸದಲ್ಲಿ ನಾನು ತೆಗೆದುಕೊಂಡ ಅತ್ಯಂತ ಒಳ್ಳೆ ನಿರ್ಧಾರ ಇದೇ. ಆ ಗಡಿ ಮತ್ತೆ ಒಂದು ದಿನವೂ ತೊಂದರೆ ಕೊಡಲಿಲ್ಲ. ಹೊಲಿಗೆ ಬೇಕಾದದ್ದು ಇಂಪೆಲ್ಲರ್‌ನ ಎರಡು ಗಡಿಗಳಲ್ಲಿ ಮಾತ್ರ: ಸಕ್ಷನ್ ಕಡೆಯ 50 ಮಿ.ಮೀ. ವ್ಯಾಸದ ತಟ್ಟೆ, ಮತ್ತು 61 ಮಿ.ಮೀ. ತ್ರಿಜ್ಯದ ಸಿಲಿಂಡರ್.

ಮೂರು ಮೆಶ್‌ಗಳನ್ನು ಬೇರೆ ಬೇರೆ ಮಾಡಿ, ಮರ್ಜ್‌ಮೆಶಸ್‌ನಿಂದ ಒಂದೇ ಕೇಸ್‌ಗೆ ತಂದೆ. ಗಡಿಯ ಪ್ಯಾಚ್‌ಗಳಿಗೆ (ಹೆಸರಿಟ್ಟ ಮೈಗಳಿಗೆ) ಸೈಕ್ಲಿಕ್ ಎಎಂಐ ಅನ್ನುವ ನಾನ್-ಕನ್ಫಾರ್ಮಲ್ ಜೋಡಣೆ ಕೊಟ್ಟು, ಯಾವುದಕ್ಕೆ ಯಾವುದು ಜೋಡಿ ಅಂತ ಬರೆದೆ. ಎಎಂಐ ಓಪನ್‌ಫೋಮ್‌ಗೆ ಬಂದದ್ದು 2011ರ ಡಿಸೆಂಬರ್‌ನಲ್ಲಿ, 2.1.0 ಆವೃತ್ತಿಯಲ್ಲಿ. ಸಿಎಫ್‌ಎಕ್ಸ್ ಅನ್ನುವ ಸಾಫ್ಟ್‌ವೇರ್ ಬಳಸುವವರು ಜಿಜಿಐ ಅನ್ನುವುದು ಇದೇ ಕೆಲಸದ ಜೋಡಣೆಗೆ. ಚೆಕ್‌ಮೆಶ್ ಈಗ ರೀಜನ್ ಸಂಖ್ಯೆ 3 ಅಂತ ತೋರಿಸಿತು. ನಾನ್-ಕನ್ಫಾರ್ಮಲ್‌ನಲ್ಲಿ ಅದು ಸರಿಯೇ. 1 ಅಂತ ಬಂದಿದ್ದರೆ ಎಲ್ಲೋ ಅಂಟಿಕೊಂಡಿದೆ ಅಂತ ಅರ್ಥ.

ದಿನ 5: ಕ್ರ್ಯಾಶ್, ಮತ್ತು ನಾನು ಮಾಡಬಾರದಿದ್ದ ಕೆಲಸ

ಸಾಲ್ವರ್ ಶುರುವಾಗುವಾಗ ಪ್ರತಿ ಎಎಂಐ ಜೋಡಿಗೂ ವೇಯ್ಟ್‌ಗಳ ಕನಿಷ್ಠ, ಗರಿಷ್ಠ, ಸರಾಸರಿ ಪ್ರಿಂಟ್ ಮಾಡುತ್ತದೆ. ಒಂದು ಫೇಸ್ ಪೂರ್ತಿ ಎದುರಿನ ಫೇಸ್‌ಗಳಿಂದ ಕವಿದಿದ್ದರೆ ವೇಯ್ಟ್ 1. ಏನೂ ಇಲ್ಲದಿದ್ದರೆ 0. ಸಿಲಿಂಡರ್‌ನ ವೊಲ್ಯೂಟ್ ಕಡೆ ಕನಿಷ್ಠ 0 ಅಂತ ಬಂದಿತ್ತು. ನಾನು ಆ ಸಾಲನ್ನು ಓದದೆ ಮುಂದೆ ಹೋದೆ. ನಲವತ್ತನೇ ಸ್ಟೆಪ್‌ಗೆ ಸಾಲ್ವರ್ ನಿಂತಿತು.

ಆಮೇಲೆ ಲಾಗ್ ನೋಡಿ, ಲೋ ವೇಯ್ಟ್ ಕರೆಕ್ಷನ್ ಅಂತ ಒಂದು ಸೆಟ್ಟಿಂಗ್ ಇದೆಯಲ್ಲ, ಅದಕ್ಕೆ 0.2 ಕೊಟ್ಟೆ. 0.2ಕ್ಕಿಂತ ಕಡಿಮೆ ವೇಯ್ಟ್ ಇರುವ ಫೇಸ್‌ಗಳಿಗೆ ಎದುರಿನಿಂದ ಏನೂ ತರದೆ, ತನ್ನದೇ ಕಡೆಯ ಸೆಲ್‌ನ ಬೆಲೆ ಹಾಕುತ್ತದೆ. ಸಾಲ್ವರ್ ಸರಾಗವಾಗಿ ಓಡಿತು. ರೆಸಿಡ್ಯುಯಲ್ (ಸಮೀಕರಣಗಳಲ್ಲಿ ಇನ್ನೂ ಉಳಿದ ವ್ಯತ್ಯಾಸ) ಚೆನ್ನಾಗಿ ಇಳಿಯಿತು. ರಾತ್ರಿಯಿಡೀ ಓಡಲಿ ಅಂತ ಬಿಟ್ಟು ಮಲಗಿದೆ. ಕಾರಣ ಹುಡುಕದೆ ಲಕ್ಷಣವನ್ನು ಮುಚ್ಚಿದ್ದೆ. ಈ ಲಾಗ್‌ನಲ್ಲಿ ಇದಕ್ಕಿಂತ ದೊಡ್ಡ ತಪ್ಪು ಇಲ್ಲ.

ದಿನ 6: ನೀರು ಎಲ್ಲಿ ಹೋಯಿತು

ಬೆಳಗ್ಗೆ ಹೆಡ್ ನೋಡಿದರೆ 4.2 ಮೀಟರ್. ಎರಡು ಎಂಆರ್‌ಎಫ್ ಬೆಲೆಗಳಿಗಿಂತಲೂ ಕಡಿಮೆ. ಪ್ರತಿ ಗಡಿಯ ಎರಡೂ ಕಡೆ ಮಾಸ್ ಫ್ಲೋ ಅಳೆದೆ. ಸಕ್ಷನ್ ತಟ್ಟೆ ಎರಡೂ ಕಡೆ 3.99 ಕೆ.ಜಿ. ಪ್ರತಿ ಸೆಕೆಂಡಿಗೆ, ಸರಿ. ಸಿಲಿಂಡರ್‌ನ ಇಂಪೆಲ್ಲರ್ ಕಡೆ 3.98. ವೊಲ್ಯೂಟ್ ಕಡೆ 3.85. ನೂರಕ್ಕೆ ಮೂರಕ್ಕಿಂತ ಜಾಸ್ತಿ ನೀರು ಗಡಿ ದಾಟುವಾಗಲೇ ಇಲ್ಲವಾಗುತ್ತಿತ್ತು. ರೆಸಿಡ್ಯುಯಲ್‌ನಲ್ಲಿ ಇದರ ಸುಳಿವೇ ಇರಲಿಲ್ಲ. ಸೆಲ್‌ಗಳ ಒಳಗೆ ಲೆಕ್ಕ ಸರಿಯಾಗಿಯೇ ಇತ್ತು, ಸೋರುತ್ತಿದ್ದದ್ದು ಹೊಲಿಗೆಯಲ್ಲಿ.

ಟಾಲರೆನ್ಸ್ ಬದಲಿಸಿ ನೋಡುತ್ತಿದ್ದೆ. ಜೊತೆಗೆ ಕೆಲಸ ಮಾಡುವ ಹಿರಿಯರೊಬ್ಬರು ಪಕ್ಕದಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ ಕೇಳಿದರು, "ಎರಡೂ ಕಡೆ ಏರಿಯಾ ಎಷ್ಟೆಷ್ಟಿದೆ, ಬರೆದು ನೋಡಿದ್ರಾ?"

ನೋಡಿರಲಿಲ್ಲ. ಇಂಪೆಲ್ಲರ್ ಕಡೆ 5366 ಚದರ ಮಿ.ಮೀ. ವೊಲ್ಯೂಟ್ ಕಡೆ 6899. ಇಂಪೆಲ್ಲರ್ 14 ಮಿ.ಮೀ. ಅಗಲ, ವೊಲ್ಯೂಟ್ 18. ವೊಲ್ಯೂಟ್‌ನ ಒಳಮೈ ಪೂರ್ತಿಯನ್ನು ನಾನು ಗಡಿ ಅಂತ ಗುಂಪು ಮಾಡಿದ್ದೆ. ಮೇಲೆ 2 ಮಿ.ಮೀ., ಕೆಳಗೆ 2 ಮಿ.ಮೀ., ಸುತ್ತಲೂ ಎರಡು ಪಟ್ಟಿಗಳಿಗೆ ಎದುರಲ್ಲಿ ಏನೂ ಇರಲಿಲ್ಲ. ವೇಯ್ಟ್ 0 ಬಂದದ್ದು ಅಲ್ಲಿಂದಲೇ.

ದಿನ 3ರಲ್ಲಿ ಈ ತೊಂದರೆ ಯಾಕೆ ಇರಲಿಲ್ಲ ಅಂತ ಕೂತು ಯೋಚಿಸಿದೆ. ಆಗ ಪಾರ್ಟಿಶನ್ ತಾನಾಗಿ ವೊಲ್ಯೂಟ್‌ನ ಒಳಮೈಯನ್ನು ಮೂರು ಪಟ್ಟಿಯಾಗಿ ಕತ್ತರಿಸಿ, ನಡುವಿನ 14 ಮಿ.ಮೀ. ಮಾತ್ರ ಹಂಚಿಕೊಟ್ಟಿತ್ತು. ಉಳಿದ ಎರಡು ಗೋಡೆಯಾಗಿದ್ದವು. ನನಗೆ ಗೊತ್ತಿಲ್ಲದ ಹಾಗೆ ಆಗುತ್ತಿದ್ದ ಕೆಲಸ ಅದು. ಬಿಚ್ಚಿದ ಮೇಲೆ ಅದು ನನ್ನ ಕೆಲಸ ಆಯಿತು, ನಾನು ಮಾಡಲಿಲ್ಲ. ಇಲ್ಲಿಂದ ಮುಂದೆ ಒಂದು ಚೀಟಿಯಲ್ಲಿ ಬರೆದು ಸ್ಕ್ರೀನ್ ಪಕ್ಕ ಅಂಟಿಸಿಕೊಂಡೆ: ಕನ್ಫಾರ್ಮಲ್ ಮೆಶ್ ಇನ್ನೇನೇನು ಸುಮ್ನೆ ಮಾಡಿಕೊಡುತ್ತಿತ್ತು?

ವೊಲ್ಯೂಟ್‌ನ ಒಳಮೈ ಮೇಲೆ ಎರಡು ವೃತ್ತ ಎಳೆದು ಕತ್ತರಿಸಿದೆ. ನಡುವಿನದ್ದು ಗಡಿ, ಮೇಲಿನದ್ದು ಕೆಳಗಿನದ್ದು ಗೋಡೆ. ಲೋ ವೇಯ್ಟ್ ಕರೆಕ್ಷನ್ ತೆಗೆದುಹಾಕಿದೆ. ಏರಿಯಾ ವ್ಯತ್ಯಾಸ ನೂರಕ್ಕೆ 0.1ಕ್ಕಿಂತ ಕಡಿಮೆ ಆಯಿತು. ಫ್ಲುಯೆಂಟ್ ಅನ್ನುವ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಹೀಗೆ ಜೋಡಿ ಸಿಗದ ಭಾಗ ತಾನಾಗಿ ಗೋಡೆಯಾಗುತ್ತದೆ, ಹಾಗಾಗಿ ಅಲ್ಲಿ ಈ ತಪ್ಪು ಕ್ರ್ಯಾಶ್ ಆಗಿ ಕಾಣದಿರಬಹುದು. ಏರಿಯಾ ನೋಡುವುದು ಅಲ್ಲೂ ಒಳ್ಳೆಯದೇ, ಎರಡು ನಿಮಿಷದ ಕೆಲಸ.

ದಿನ 7: ಐವತ್ತೆರಡು ಚುಕ್ಕೆ

ಸಿಲಿಂಡರ್‌ನ ವೇಯ್ಟ್ ಸರಿಹೋಯಿತು. ಆದರೆ ಸಕ್ಷನ್ ತಟ್ಟೆಯ ಇಂಪೆಲ್ಲರ್ ಕಡೆ ಕನಿಷ್ಠ ವೇಯ್ಟ್ 0.21 ಇತ್ತು. ಸರಾಸರಿ 0.99ರ ಮೇಲೆ. ಮಾಸ್ ಫ್ಲೋ ಸರಿಯಿದೆ. ಬಿಟ್ಟುಬಿಡಬಹುದು ಅನ್ನುವ ಆಸೆ ಇತ್ತು, ಆದರೆ ದಿನ 5 ಇನ್ನೂ ಮನಸ್ಸಲ್ಲಿತ್ತು.

ಗೋಡೆಯ ಶಿಯರ್ ಸ್ಟ್ರೆಸ್‌ಗೆ (ನೀರು ಗೋಡೆಯನ್ನು ಉಜ್ಜುವ ಒತ್ತು) ಬಣ್ಣ ಹಾಕಿ, ಇಂಪೆಲ್ಲರ್‌ನ ಕಣ್ಣಿನ (ನೀರು ಒಳಹೋಗುವ ಬಾಯಿ) ಒಳಗೆ ಇಣುಕಿದೆ. ತಟ್ಟೆಯ ಅಂಚಿನುದ್ದಕ್ಕೂ ಕೆಂಪು ಚುಕ್ಕೆಗಳು. ಒಂದೊಂದೂ ಒಂದೇ ಅಂತರದಲ್ಲಿ, ಮಣಿ ಪೋಣಿಸಿದ ಹಾಗೆ. ಹರಿವು ಇಷ್ಟು ಶಿಸ್ತಾಗಿ ಚುಕ್ಕೆ ಇಡುವುದಿಲ್ಲ. ಕಾಲು ಸುತ್ತಿನಲ್ಲಿ ಎಣಿಸಿದೆ, 13. ಪೂರ್ತಿ ಸುತ್ತಿಗೆ 52. ಸಕ್ಷನ್ ಪೈಪ್‌ನ ಅಂಚಿಗೆ ನಾನು ಕೊಟ್ಟಿದ್ದ ಸೈಜ್ 3 ಮಿ.ಮೀ. 157ನ್ನು 3ರಿಂದ ಭಾಗಿಸಿದರೆ 52.

ಅಲ್ಲಿಗೆ ವಿಷಯ ಬಿಡಿಸಿಕೊಂಡಿತು. ಮೆಶ್‌ನಲ್ಲಿ ವೃತ್ತ ಅಂತ ಯಾವುದೂ ಇಲ್ಲ, ಎಲ್ಲ ನೇರ ಗೆರೆಗಳ ಬಹುಭುಜ. ನೇರ ಗೆರೆ ತನ್ನ ನಡುವಿನಲ್ಲಿ ನಿಜವಾದ ವೃತ್ತಕ್ಕಿಂತ ಎಷ್ಟು ಒಳಗೆ ಇರುತ್ತದೆ ಅನ್ನುವುದಕ್ಕೆ ಸುಲಭದ ಲೆಕ್ಕ ಇದೆ. ಗೆರೆಯ ಉದ್ದದ ವರ್ಗವನ್ನು ತ್ರಿಜ್ಯದ 8 ಪಟ್ಟಿನಿಂದ ಭಾಗಿಸಬೇಕು. ಪೈಪ್ ಕಡೆ ಉದ್ದ 3, ತ್ರಿಜ್ಯ 25, ಅಂದರೆ 9 ಭಾಗಿಸು 200, 0.045 ಮಿ.ಮೀ. ಇಂಪೆಲ್ಲರ್ ಕಡೆ ಅಂಚಿನ ಸೈಜ್ 1 ಮಿ.ಮೀ., ಅಲ್ಲಿ 0.005. ಎರಡರ ನಡುವೆ 0.04 ಮಿ.ಮೀ. ಖಾಲಿ.

0.04 ಮಿ.ಮೀ. ಯಾರಿಗೆ ಲೆಕ್ಕ ಅನ್ನಿಸಬಹುದು. ಆದರೆ ಗೋಡೆಗೆ ಅಂಟಿದ ಮೊದಲ ಪದರದ ದಪ್ಪವೇ 0.05. ಅಂಚಿನ ಆ ಪುಟ್ಟ ಫೇಸ್‌ನ ಐದರಲ್ಲಿ ನಾಲ್ಕು ಭಾಗಕ್ಕೆ ಎದುರಲ್ಲಿ ಪೈಪ್ ಇಲ್ಲ. ಉಳಿದ ಐದನೇ ಒಂದು ಭಾಗ ಅಂದರೆ 0.2. ಲಾಗ್‌ನಲ್ಲಿ ಬಂದದ್ದು 0.21. ಈ ಎರಡು ಅಂಕಿ ಹೊಂದಿದ ಗಳಿಗೆ ಇಡೀ ಹನ್ನೊಂದು ದಿನದಲ್ಲಿ ನನಗೆ ಅತಿ ಹೆಚ್ಚು ಖುಷಿ ಕೊಟ್ಟದ್ದು.

ಮೊದಲ ಪ್ರಯತ್ನ: ಜೋಡಿಯ ಮ್ಯಾಚ್ ಟಾಲರೆನ್ಸ್ ಹೆಚ್ಚಿಸಿದೆ. ಏನೂ ಬದಲಾಗಲಿಲ್ಲ. ಖಾಲಿ ಜಾಗ ಖಾಲಿಯೇ. ಎರಡನೆಯದು: ಪೈಪ್ ಕಡೆ ಅಂಚಿನ ಸೈಜ್ 1.5 ಮಾಡಿದೆ. ಕನಿಷ್ಠ ವೇಯ್ಟ್ 0.85ರ ಹತ್ತಿರ ಬಂತು. ಚುಕ್ಕೆಗಳು ಮಸುಕಾದವು, ಹೋಗಲಿಲ್ಲ. ಮೂರನೆಯದು: ಸೈಜ್ ಕೊಡುವುದನ್ನೇ ಬಿಟ್ಟು, ಎರಡೂ ಕಡೆಯ ಅಂಚನ್ನು ಸರಿಯಾಗಿ 160 ಭಾಗ ಮಾಡಿದೆ. ಪದರಗಳ ಸಂಖ್ಯೆ, ದಪ್ಪ ಎರಡೂ ಕಡೆ ಒಂದೇ. ಇಂಪೆಲ್ಲರ್ ತಿರುಗಿ ಒಂದು ಕಡೆಯ ಮೂಲೆ ಇನ್ನೊಂದು ಕಡೆಯ ಗೆರೆಯ ನಡುವಿಗೆ ಬಂದಾಗಲೂ ವೇಯ್ಟ್ 0.94ಕ್ಕಿಂತ ಕೆಳಗೆ ಇಳಿಯಲಿಲ್ಲ. ಚುಕ್ಕೆ ಮಾಯ.

ದಿನ 8: ಗಡಿಯನ್ನೇ ಸರಿಸಿದ್ದು

ಚೀಟಿಯಲ್ಲಿ ಉಳಿದಿದ್ದ ಇನ್ನೊಂದು ವಿಷಯ ಸೆಲ್ ಸೈಜ್. ಕನ್ಫಾರ್ಮಲ್‌ನಲ್ಲಿ ಗಡಿಯ ಎರಡೂ ಕಡೆ ಸೈಜ್ ಒಂದೇ ಇರಲೇಬೇಕಿತ್ತು. ಈಗ ಸ್ವಾತಂತ್ರ್ಯ ಸಿಕ್ಕಿದೆ ಅಂತ ಸಿಲಿಂಡರ್‌ನ ಇಂಪೆಲ್ಲರ್ ಕಡೆ 1.2 ಮಿ.ಮೀ., ವೊಲ್ಯೂಟ್ ಕಡೆ 5 ಮಿ.ಮೀ. ಕೊಟ್ಟಿದ್ದೆ. ಸೆಲ್ ಉಳಿಯಿತು, ಹರಿವು ಕೆಟ್ಟಿತು. ಬ್ಲೇಡ್‌ನ ಹಿಂದಿನ ತೆಳು ವೇಕ್ (ನಿಧಾನ ನೀರಿನ ಎಳೆ) ಗಡಿಯವರೆಗೆ ಚೂಪಾಗಿ ಬರುತ್ತಿತ್ತು. ದಾಟಿದ ಕೂಡಲೇ ನೀರಲ್ಲಿ ಬಿದ್ದ ಶಾಯಿಯಂತೆ ಹರಡುತ್ತಿತ್ತು.

ಇನ್ನೊಂದು ದೋಷವೂ ಸೇರಿತ್ತು. ಗಡಿ 61ರಲ್ಲಿ, ಬ್ಲೇಡ್ ತುದಿ 60ರಲ್ಲಿ. ನಡುವೆ ಒಂದೇ ಒಂದು ಸೆಲ್. ಬ್ಲೇಡ್ ತುದಿಯಲ್ಲಿ ಒತ್ತಡ ತೀರಾ ಬೇಗ ಬದಲಾಗುತ್ತದೆ. ಹೊಲಿಗೆಯನ್ನು ತಂದು ಅಲ್ಲೇ ಹಾಕಿದ್ದೆ.

ಗಡಿಯನ್ನು 63 ಮಿ.ಮೀ.ಗೆ ಸರಿಸಿದೆ. ಬ್ಲೇಡ್ ತುದಿಗೂ ನಾಲಿಗೆಗೂ ಸರಿಯಾಗಿ ನಡುವೆ, ಆ ಕಡೆ 3, ಈ ಕಡೆ 3. ಸುತ್ತಳತೆಯನ್ನು ಎರಡೂ ಕಡೆ 440 ಭಾಗ ಮಾಡಿದೆ, ಒಂದೊಂದು 0.9 ಮಿ.ಮೀ. ಹೀಗೆ ಎರಡೂ ಕಡೆ ಮೂರು ಸೆಲ್ ಸಿಕ್ಕವು. ವೊಲ್ಯೂಟ್ ಒಳಗೆ ಅಲ್ಲಿಂದ 1.15ರ ದರದಲ್ಲಿ ನಿಧಾನಕ್ಕೆ 4 ಮಿ.ಮೀ. ತನಕ ಬೆಳೆಯಲು ಬಿಟ್ಟೆ. ಒಟ್ಟು ಸೆಲ್: ಸಕ್ಷನ್ ಪೈಪ್ 2.1 ಲಕ್ಷ, ಇಂಪೆಲ್ಲರ್ 9.4, ವೊಲ್ಯೂಟ್ ಮತ್ತು ಡೆಲಿವರಿ ಸೇರಿ 7.2. ಕೂಡಿದರೆ 18.7 ಲಕ್ಷ.

ನಾಲಿಗೆಯ ಹತ್ತಿರ ಒಂದು ಬಿಂದುವಿನಲ್ಲಿ ಒತ್ತಡ ದಾಖಲಿಸುತ್ತಿದ್ದೆ. 6 ಬ್ಲೇಡ್, ಸೆಕೆಂಡಿಗೆ 25 ಸುತ್ತು, ಹಾಗಾಗಿ 150 ಹರ್ಟ್ಸ್‌ನಲ್ಲಿ ಏರಿಳಿತ ಕಾಣಬೇಕು. ಹಳೆ ಗಡಿಯಲ್ಲಿ ಏರಿಳಿತದ ಎತ್ತರ 1.1 ಕಿಲೋಪಾಸ್ಕಲ್ ಇತ್ತು. ಹೊಸದರಲ್ಲಿ 1.9. ಸರಾಸರಿ ಹೆಡ್ ಅಷ್ಟೇನೂ ಬದಲಾಗಲಿಲ್ಲ. ಬರೀ ಹೆಡ್ ನೋಡಿದ್ದರೆ ಈ ತಪ್ಪು ನನಗೆ ಗೊತ್ತೇ ಆಗುತ್ತಿರಲಿಲ್ಲ.

ದಿನ 9 ಮತ್ತು 10: ಓಟ

ಎಂಆರ್‌ಎಫ್ ಫಲಿತಾಂಶವನ್ನು ಮ್ಯಾಪ್‌ಫೀಲ್ಡ್ಸ್‌ನಿಂದ ಹೊಸ ಮೆಶ್‌ಗೆ ತಂದು ಶುರು ಮಾಡಿದೆ. ಒಂದು ಸ್ಟೆಪ್‌ಗೆ 1 ಡಿಗ್ರಿ, ಅಂದರೆ 0.000111 ಸೆಕೆಂಡ್. ಸುತ್ತಿಗೆ 360 ಸ್ಟೆಪ್, ಸುಮಾರು ನಾಲ್ಕು ಗಂಟೆ. 8 ಸುತ್ತಿಗೆ 32 ಗಂಟೆ. ಮೊದಲ ಐದು ಸುತ್ತು ಬಿಟ್ಟು ಕೊನೆಯ ಮೂರರ ಸರಾಸರಿ ತೆಗೆದೆ. ಹೆಡ್ 4.52 ಮೀಟರ್. ಒಳಗೆ ಬಂದ ನೀರಿಗೂ ಹೊರಗೆ ಹೋದ ನೀರಿಗೂ ವ್ಯತ್ಯಾಸ ನೂರಕ್ಕೆ 0.05.

ದಿನ 11: ಕಡಿಮೆ ಹರಿವು

ಈಗ ಸೆಕೆಂಡಿಗೆ 2.5 ಲೀಟರ್‌ನಲ್ಲಿ ಓಡಿಸುತ್ತಿದ್ದೇನೆ. ಹರಿವು ಕಡಿಮೆಯಾದಾಗ ಇಂಪೆಲ್ಲರ್‌ನ ಕಣ್ಣಿನಿಂದ ಸ್ವಲ್ಪ ನೀರು ಸುತ್ತುತ್ತಾ ಪೈಪ್‌ನ ಒಳಕ್ಕೆ ಹಿಂದೆ ಬರುತ್ತದೆ. ಮೊದಲ ಓಟದಲ್ಲಿ ಆ ಹಿಮ್ಮುಖ ಸುಳಿ ಸರಿಯಾಗಿ ಸಕ್ಷನ್ ತಟ್ಟೆಯ ಅಂಚಿನಲ್ಲೇ ಎರಡು ಸಲ ಗಡಿ ದಾಟುತ್ತಿತ್ತು. ತಟ್ಟೆಯನ್ನು 30 ಮಿ.ಮೀ. ಹಿಂದಕ್ಕೆ ಸರಿಸಿದೆ. ಇದರಿಂದ 30 ಮಿ.ಮೀ. ಪೈಪ್ ತಿರುಗುವ ಮೆಶ್‌ನ ಒಳಗೆ ಸೇರಿತು. ನಿಜದಲ್ಲಿ ಆ ಪೈಪ್‌ನ ಗೋಡೆ ತಿರುಗುವುದಿಲ್ಲ. ಬ್ಲೇಡ್‌ಗಳಿಗೆ ಕೊಟ್ಟ ಮೂವಿಂಗ್ ವಾಲ್ ಕಂಡಿಶನ್ನನ್ನೇ ಅದಕ್ಕೂ ಕೊಟ್ಟು ಅರ್ಧ ಸುತ್ತು ಓಡಿಸಿಬಿಟ್ಟಿದ್ದೆ, ಗೋಡೆ ನೀರನ್ನು ಎಳೆದುಕೊಂಡು ಸುತ್ತುತ್ತಿತ್ತು. ನಿಲ್ಲಿಸಿ, ಆ ಪ್ಯಾಚ್‌ಗೆ ವೇಗ ಸೊನ್ನೆ ಕೊಟ್ಟು ಮತ್ತೆ ಶುರು ಮಾಡಿದೆ.

ಇದನ್ನು ಬರೆಯುವಾಗ ಮೂರನೇ ಸುತ್ತು ನಡೆಯುತ್ತಿದೆ. ಎರಡೂ ಗಡಿಗಳ ಕನಿಷ್ಠ ವೇಯ್ಟ್ 0.94ರಲ್ಲಿ ನಿಂತಿದೆ. ಪ್ರತಿ ಸುತ್ತಿಗೊಮ್ಮೆ ನಾಲ್ಕೂ ಕಡೆಯ ಮಾಸ್ ಫ್ಲೋ ಒಂದು ಫೈಲ್‌ಗೆ ಬೀಳುವ ಹಾಗೆ ಮಾಡಿದ್ದೇನೆ. ಇಲ್ಲಿಯವರೆಗೆ 2.49, 2.49, 2.49, 2.49.